ಬೀರು ಇಳಿಸಿದ ಅಧ್ಯಾಯ

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಅಪ್ಪಿತಪ್ಪಿ ಎಲ್ಲೋ ಹುಟ್ಟಿದ್ದರೆ, ಅವನು ಅಂಬೆಗಾಲಿಡುವ ಕ್ಯಾಸೆಟ್ಟನ್ನು ಡಿವಿಡಿಗೆ ಇಳಿಸಿದವನೂ ನಾನೇ ಆಗಿರುತ್ತೇನೆ. ನನ್ನ ಅಂಗಡಿ ಚಪ್ಪಲಿ ರಿಪೇರಿಯವನಿಗೂ ಜೆರಾಕ್ಸಿನವನಿಗೂ ನಡುವೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಒಳಗೆ ಐದು ಪ್ಲೇಯರುಗಳಿವೆ. ಅದರಲ್ಲಿ ಎರಡು ಓಡುತ್ತವೆ. ಉಳಿದ ಮೂರು ಆ ಎರಡಕ್ಕೆ ಅಂಗದಾನ ಮಾಡುತ್ತ ಬದುಕಿವೆ.

ಕ್ಯಾಸೆಟ್ಟು ಓಡಿಸಿ ಕಂಪ್ಯೂಟರಿಗೆ ತುಂಬಿಸಿಕೊಳ್ಳುವುದು ದೊಡ್ಡ ವಿದ್ಯೆಯಲ್ಲ. ಎರಡು ಗಂಟೆಯ ಕ್ಯಾಸೆಟ್ಟಿಗೆ ಎರಡು ಗಂಟೆಯೇ ಬೇಕು, ಚಕ್ರವರ್ತಿ ಬಂದು ಅಪ್ಪಣೆ ಮಾಡಿದರೂ ಒಂದು ನಿಮಿಷ ಕಡಿಮೆಯಾಗದು. ಆ ಹೊತ್ತಿನಲ್ಲಿ ನಾನು ಚಹಾ ಕುಡಿಯುತ್ತೇನೆ, ನಿದ್ದೆ ಮಾಡುತ್ತೇನೆ. ನಿಜವಾದ ವಿದ್ಯೆ ಅಧ್ಯಾಯ ಮಾಡುವುದರಲ್ಲಿದೆ, ಅಂದರೆ ಬೇಕಾದ ಜಾಗಕ್ಕೆ ನೇರ ಹಾರುವಂತೆ ಡಿವಿಡಿಯನ್ನು ಭಾಗ ಮಾಡುವುದರಲ್ಲಿ. ಉಳಿದ ಅಂಗಡಿಯವರು ಐದು ನಿಮಿಷಕ್ಕೊಂದು ಗುರುತು ಹಾಕಿ ಕೈತೊಳೆದುಕೊಳ್ಳುತ್ತಾರೆ. ಮಗು ಮೊದಲ ಹೆಜ್ಜೆಗೆ ಕಾಲೆತ್ತಿದ್ದು ಒಂದು ಅಧ್ಯಾಯದಲ್ಲಿ, ಇಟ್ಟಿದ್ದು ಇನ್ನೊಂದರಲ್ಲಿ. ನಾನು ಹಾಗಲ್ಲ. ತುಂಬಿಸಿಕೊಂಡದ್ದನ್ನೆಲ್ಲ ಕೂತು ನೋಡುತ್ತೇನೆ, ಒಂಬತ್ತು ಗಂಟೆ ಕಣ್ಣು ಮಿಟುಕಿಸದೆ. ಎಲ್ಲಿ ಏನು ಶುರುವಾಯಿತು ಎಂದು ಹುಡುಕಿ ಹೆಸರಿಡುತ್ತೇನೆ: 'ಅಜ್ಜಿ ಕ್ಯಾಮೆರಾ ಕಂಡು ಬಾಗಿಲ ಹಿಂದೆ ಅಡಗಿದ್ದು', 'ಚಿಕ್ಕಪ್ಪ ಹೇಳಬಾರದ್ದನ್ನು ಹೇಳಿಬಿಟ್ಟದ್ದು'. ಜನ ಡಿವಿಡಿ ನೋಡುವ ಮೊದಲು ಬರೀ ಹೆಸರುಗಳನ್ನು ಓದಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹಾಗೆ ನಕ್ಕು ಒಬ್ಬರು ಕುರ್ಚಿಯಿಂದ ಬಿದ್ದದ್ದುಂಟು. ಇಬ್ಬರು ಇರಬಹುದು.

ಮೊನ್ನೆ ಮೊನ್ನೆ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಒಂದು ಬೂಟಿನ ಡಬ್ಬ ಹಿಡಿದುಕೊಂಡು ಅಂಗಡಿಗೆ ಬಂದರು. ಭಾವ ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಕೈಯಲ್ಲಿ ಸದಾ ಗ್ರೀಸಿನ ವಾಸನೆ. ಡಬ್ಬದಲ್ಲಿ ಅಂಗೈಯಗಲದ ಹದಿನಾಲ್ಕು ಸಣ್ಣ ಕ್ಯಾಸೆಟ್ಟುಗಳಿದ್ದವು. ಈ ಜಾತಿಯದನ್ನು ತೆಗೆದ ಕ್ಯಾಮೆರಾದಲ್ಲೇ ಹಾಕಿ ನೋಡಬೇಕು. ಆ ಕ್ಯಾಮೆರಾ ಭಾವನ ಸ್ನೇಹಿತನದು. ಅದು ವಾಪಸು ಹೋದ ಮೇಲೆ ಕ್ಯಾಸೆಟ್ಟುಗಳು ಅಕ್ಕನ ಮೇಜಿನ ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಲಗಿದ್ದವು. ಯಾರೂ ಒಂದನ್ನೂ ನೋಡಿರಲಿಲ್ಲ. ನಾನೇ ಎಲ್ಲಿಂದಲೋ ಅಂಥದೊಂದು ಕ್ಯಾಮೆರಾ ಹುಡುಕಿ ತಂದು, "ಈಗ ಕೊಡಿ ನೋಡೋಣ" ಎಂದು ಬೀಗಿದ್ದೆ.

"ಒಂಬತ್ತನೇದರಲ್ಲಿ ಮನೆ ಖಾಲಿ ಮಾಡಿದ್ದಿದೆ, ಮೇಲೆ ಚೀಟಿ ಅಂಟಿಸಿದೆ," ಎಂದರು ಭಾವ. "ಬೀರು ಇಳಿಸೋ ಜಾಗಕ್ಕೆ ಒಂದು ಅಧ್ಯಾಯ ಮಾಡು. ನೇರವಾಗಿ ಅಲ್ಲಿಗೇ ಹೋಗೋ ಹಾಗೆ."

ನಾನು ಚಹಾದ ಲೋಟ ಕೆಳಗಿಟ್ಟೆ. "ಅದ್ಯಾಕೆ ಭಾವ, ಹಳೇದನ್ನ ಕೆದಕೋದು?"

"ನಾನು ಕೈ ಬಿಟ್ಟೆನಾ ಇಲ್ವಾ, ಅಷ್ಟು ನೋಡ್ಬೇಕು. ಇಪ್ಪತ್ತಾರು ವರ್ಷದಿಂದ ಮಾವ ನನ್ನ ಕಣ್ಣೆದುರಿಗೇ ಕುಂಟಿಕೊಂಡು ಓಡಾಡ್ತಿದಾರೆ."

"ನಿಮಗೇ ಗೊತ್ತಿಲ್ವಾ?"

"ಗೊತ್ತಿತ್ತು," ಎಂದರು ಭಾವ. "ನೀನು ಕಥೆ ಹೇಳೋಕೆ ಶುರು ಮಾಡೋ ಮುಂಚೆ."

ಆ ಕಥೆ ಇಲ್ಲಿ ಹೇಳಲೇಬೇಕು, ಅದನ್ನು ನನ್ನಷ್ಟು ಚೆನ್ನಾಗಿ ಹೇಳುವವರಿಲ್ಲ. ಅಕ್ಕನ ಮದುವೆಯಾಗಿ ಎಂಟು ತಿಂಗಳಾಗಿತ್ತು. ನಾವು ಎರಡನೇ ಮಹಡಿಯ ಬಾಡಿಗೆ ಮನೆ ಬಿಡುತ್ತಿದ್ದೆವು. ಕಬ್ಬಿಣದ ಬೀರು; ಆನೆಯನ್ನು ಮಡಚಿ ಒಳಗಿಟ್ಟು ಬೀಗ ಹಾಕಿದಷ್ಟು ಭಾರ. ಮೆಟ್ಟಿಲ ಮೇಲಿಂದ ಹಗ್ಗ ಹಿಡಿದು ನಾನು, ಕೆಳಗೆ ಎರಡೂ ಕೈ ಕೊಟ್ಟು ಭಾವ, ಭಾವನ ಪಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ ನಿಂತು "ಎಡಕ್ಕೆ, ಎಡಕ್ಕೆ" ಎನ್ನುತ್ತ ಅಪ್ಪ. ಬೀರು ಜಾರಿತು. ಅದರ ಕಾಲು ಅಪ್ಪನ ಪಾದದ ಮೇಲೆ ಕೂತಿತು. ಭಾವ ಕೈಬಿಟ್ಟರು, ನಾನು ಮೇಲಿನಿಂದ ಒಬ್ಬನೇ ಹಗ್ಗ ಹಿಡಿದು ಬೀರನ್ನು ತಡೆದೆ. ಇದು ನನ್ನ ಕಥೆ. ಮೊದಲ ವರ್ಷ ನಾನು ಒಂದು ನಿಮಿಷ ಹಿಡಿದಿದ್ದೆ, ಮೂರನೇ ವರ್ಷಕ್ಕೆ ನಾಲ್ಕು ನಿಮಿಷವಾಗಿತ್ತು. ಈಗ ಹನ್ನೊಂದು. ಅಂಗೈಯ ಚರ್ಮ ಸುಲಿದು ಹಗ್ಗಕ್ಕೆ ಅಂಟಿದ್ದು ಕಥೆಗೆ ಸೇರಿದ್ದು ಏಳನೇ ವರ್ಷದಲ್ಲಿ.

ಮನೆಯಲ್ಲಿ ಎಲ್ಲರೂ ಭಾವನನ್ನು ಪ್ರೀತಿಯಿಂದಲೇ ರೇಗಿಸುತ್ತಿದ್ದರು: ಟನ್ನುಗಟ್ಟಲೆ ಲಿಫ್ಟು ನೇತುಹಾಕುವವರಿಗೆ ಒಂದು ಬೀರು ಹಿಡಿಯಲಾಗಲಿಲ್ಲ ಎಂದು. ಅಪ್ಪ ಮಾತ್ರ ರೇಗಿಸುತ್ತಿರಲಿಲ್ಲ. ಭಾರದ ವಸ್ತು ಎತ್ತುವುದಿದ್ದರೆ "ಅಳಿಯಂದಿರು ಬೇಡ ಬಿಡಿ, ಬೇರೆ ಯಾರಾದರೂ ಎತ್ತಲಿ" ಎನ್ನುತ್ತಿದ್ದರು. ಅದು ರೇಗಿಸುವುದಕ್ಕಿಂತ ಕೆಟ್ಟದ್ದು.

ಇನ್ನು ನನ್ನ ವಿಷಯ. ನಿಜವಾಗಿ ಏನಾಯಿತು ಎಂದು ನನಗೂ ನೆನಪಿರಲಿಲ್ಲ. ಇಷ್ಟು ಸಲ ಹೇಳಿದ ಮೇಲೆ ಕಥೆಯೇ ನೆನಪಾಗಿ ಕೂತಿತ್ತು. ಭಾವ ಹೋದ ಮೇಲೆ ಕ್ಯಾಸೆಟ್ಟು ನೋಡುವ ಕುತೂಹಲ ನನಗೆ ಎಷ್ಟು ಹತ್ತಿತೆಂದರೆ, ಅಂಗಡಿಯ ಬಾಗಿಲಿಗೆ 'ಊಟಕ್ಕೆ ಹೋಗಿದೆ' ಎಂಬ ಹಲಗೆ ನೇತುಹಾಕಿ ಒಳಗೇ ಕೂತೆ. ಆ ಹಲಗೆ ಮೂರು ದಿನ ಇಳಿಯಲಿಲ್ಲ. ಅಷ್ಟು ಹೊತ್ತು ಊಟ ಮಾಡುವ ಗಂಡಸು ಯಾರಪ್ಪ ಎಂದು ಚಪ್ಪಲಿ ರಿಪೇರಿಯವನು ಬಾಗಿಲು ಬಡಿದು ಕೇಳಿದ.

ಹದಿನಾಲ್ಕನ್ನೂ ತುಂಬಿಸಿಕೊಂಡೆ. ಆಮೇಲೆ ಒಂಬತ್ತನೆಯದನ್ನು ತೆರೆದೆ. ನಲವತ್ತೊಂದನೇ ನಿಮಿಷಕ್ಕೆ ಮೆಟ್ಟಿಲು ಬಂತು. ಕ್ಯಾಮೆರಾ ಅಕ್ಕನ ಕೈಯಲ್ಲಿತ್ತು, ಕೆಳಗಿನ ತಿರುವಿನಲ್ಲಿ ನಿಂತು ಮೇಲಕ್ಕೆ ಹಿಡಿದಿದ್ದಳು. ಭಾವನ ಬೆನ್ನು, ಬೀರು, ಬೀರಿನಾಚೆ ನಾನು. ಎಷ್ಟು ತೆಳ್ಳಗಿದ್ದೆ, ಎಷ್ಟು ಕೂದಲಿತ್ತು. ಎರಡೂ ಕೈಯಲ್ಲಿ ಹಗ್ಗ. ನನ್ನ ಎದೆ ಉಬ್ಬಿತು. ಆಗ ಅಕ್ಕನ ದನಿ ಕೇಳಿಸಿತು: "ಏ ಹೀರೋ, ಈ ಕಡೆ ನೋಡೋ."

ಹೀರೋ ನೋಡಿದ. ನೋಡಿ ಸುಮ್ಮನಿರಲಿಲ್ಲ. ಒಂದು ಕೈ ಮೇಲೆತ್ತಿ ಬೀಸಿದ. ಇನ್ನೊಂದು ಕೈಯಿಂದ ಕೂದಲು ಸರಿಮಾಡಿಕೊಂಡ.

ಮುಂದಿನದನ್ನು ಹೇಳಬೇಕಾಗಿಲ್ಲ. ಹಗ್ಗ ಹಾವಿನಂತೆ ಓಡಿತು, ಬೀರು ಎರಡು ಮೆಟ್ಟಿಲು ಜಾರಿತು, ಅಪ್ಪ ಕೂಗಿದರು. ಅಕ್ಕ ಕ್ಯಾಮೆರಾವನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು ಓಡಿದಳು. ಅದು ಓರೆಯಾಗಿ ಕೂತು ತನ್ನ ಪಾಡಿಗೆ ತೆಗೆಯುತ್ತಲೇ ಇತ್ತು. ಓರೆ ಚಿತ್ರದಲ್ಲಿ ಭಾವ ಒಂದು ಭುಜವನ್ನು ಬೀರಿನ ಕೆಳಗೆ ಕೊಟ್ಟು ನಿಂತಿದ್ದರು. ಮುಖ ಕೆಂಪಗಾಗಿ, ಕತ್ತಿನ ನರ ಹಗ್ಗದಂತಾಗಿ, ತುಟಿ ಕಚ್ಚಿ. ಅಕ್ಕ ಅಪ್ಪನನ್ನು ಎಳೆದುಕೊಳ್ಳುವವರೆಗೆ, ಅಕ್ಕಪಕ್ಕದವರು ಬಂದು ಕೈ ಹಾಕುವವರೆಗೆ, ಆ ಭುಜ ಅಲ್ಲಾಡಲಿಲ್ಲ. ಮೇಲಿದ್ದ ಹೀರೋ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ನಿಂತಿದ್ದ.

ನಾನು ಅಂಥದನ್ನೆಲ್ಲ ಕಂಡು ಹೆದರುವವನಲ್ಲ. ಒಂದು ನೂರು ಸಲ ನೋಡಿದೆ, ಅಷ್ಟೆ. ಆಮೇಲೆ ಕತ್ತರಿ ಹಾಕಿದೆ. ಅಕ್ಕ ಕರೆದಲ್ಲಿಂದ ಬೀರು ಜಾರುವವರೆಗಿನ ಆರು ಸೆಕೆಂಡು ಮಾಯ. ಭಾವ ಭುಜ ಕೊಟ್ಟದ್ದನ್ನು ಹಾಗೇ ಬಿಟ್ಟೆ, ಧಾರಾಳಿ ನಾನು. ಕೈ ಜಾರಿದ ಮೇಲೆ ಹಿಡಿಯದೆ ಏನು ಮಾಡುತ್ತಾರೆ ಎಂದು ನೋಡಿದವರು ಅಂದುಕೊಳ್ಳಲಿ. ಕತ್ತರಿಸಿದ ಜಾಗದಿಂದಲೇ ಹೊಸ ಅಧ್ಯಾಯ ಶುರುಮಾಡಿ 'ಬೀರು ಇಳಿಸಿದ್ದು' ಎಂದು ಹೆಸರಿಟ್ಟೆ. ನನ್ನ ಜೀವನದಲ್ಲಿ ಇಟ್ಟ ಅತ್ಯಂತ ಸಪ್ಪೆ ಹೆಸರು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಅಪ್ಪ ಆರಾಮ ಕುರ್ಚಿಯಲ್ಲಿ ನೋವಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದರು. ಭಾವ ಎಲ್ಲರ ಹಿಂದೆ, ಊಟದ ಮೇಜಿನ ಕುರ್ಚಿಯಲ್ಲಿ. ರಿಮೋಟು ಅಕ್ಕನ ಕೈಯಲ್ಲಿ. ಒಂಬತ್ತನೇ ಕ್ಯಾಸೆಟ್ಟಿನ ಡಿಸ್ಕು ಹಾಕಿದ ಕೂಡಲೇ ನಾನೇ ಕೀಬೋರ್ಡಿನಲ್ಲಿ ನುಡಿಸಿದ ಇಪ್ಪತ್ತು ಸೆಕೆಂಡಿನ ಸಂಗೀತ ಶುರುವಾಯಿತು. ಯಾವುದಾದರೂ ಗುಂಡಿ ಒತ್ತುವವರೆಗೆ ಅದು ಮತ್ತೆ ಮತ್ತೆ ಬರುತ್ತದೆ. ಪರದೆಯಲ್ಲಿ ಆರು ಪುಟ್ಟ ಕಿಟಕಿಗಳು, ಒಂದೊಂದರಲ್ಲಿ ಒಂದೊಂದು ಅಧ್ಯಾಯದ ಮೊದಲ ಚಿತ್ರ.

"ಇದೇನೋ ಇದು," ಎಂದಳು ಅಕ್ಕ, "ಮೂರನೇದರಲ್ಲಿ ನೀನು ಯಾರಿಗೋ ಟಾಟಾ ಮಾಡ್ತಿದೀಯ."

ನೋಡಿದೆ. 'ಬೀರು ಇಳಿಸಿದ್ದು' ಎಂಬ ಹೆಸರಿನ ಮೇಲೆ, ಅಂಚೆಚೀಟಿಯಷ್ಟು ಕಿಟಕಿಯಲ್ಲಿ, ನಾನು ಕೈ ಎತ್ತಿಕೊಂಡು ನಿಂತಿದ್ದೆ.

ಈ ಡಿವಿಡಿಯ ಒಂದು ಕೆಟ್ಟ ಗುಣವನ್ನು ಹೇಳಿಬಿಡುತ್ತೇನೆ. ಅದರಲ್ಲಿ ಎಲ್ಲ ಚಿತ್ರವೂ ಪೂರ್ತಿ ಚಿತ್ರವಲ್ಲ. ಅರ್ಧ ಸೆಕೆಂಡಿಗೊಂದು ಪೂರ್ತಿ ಇರುತ್ತದೆ, ನಡುವಿನವು 'ಹಿಂದಿನ ಹಾಗೇ, ಇಷ್ಟು ಮಾತ್ರ ಬದಲು' ಎಂಬ ಚೀಟಿಗಳು. ಅಧ್ಯಾಯವೂ ಕತ್ತರಿಸಿದ ತುಂಡೂ ಪೂರ್ತಿ ಚಿತ್ರದ ಮೇಲೇ ಶುರುವಾಗಬೇಕು. ನಾವು ಗುರುತು ಹಾಕಿದ ಕಡೆ ಅದಿಲ್ಲದಿದ್ದರೆ ಕಂಪ್ಯೂಟರು ಕೇಳದೆ ಹೇಳದೆ ಹಿಂದಕ್ಕೆ ಸರಿದು, ಹಿಂದಿನ ಪೂರ್ತಿ ಚಿತ್ರವನ್ನು ಎತ್ತಿಕೊಳ್ಳುತ್ತದೆ. ಈ ವಿಷಯವನ್ನು ಜಗತ್ತಿಗೆ ಪಾಠ ಹೇಳುವವನು ನಾನು. ಅವಸರದಲ್ಲಿ ಮರೆತಿದ್ದೆ. ನಾನು ಕತ್ತರಿಸಿ ಎಸೆದೆ ಎಂದುಕೊಂಡದ್ದರ ಅರ್ಧ ಸೆಕೆಂಡಿನ ಬಾಲ ಉಳಿದು, ಅದೇ ಅಧ್ಯಾಯದ ಮುಖವಾಗಿ ಕೂತಿತ್ತು.

"ಕನ್ನಡಕ ಕೊಡು," ಎಂದರು ಅಪ್ಪ. ಹಾಕಿಕೊಂಡು ಮುಂದೆ ಬಾಗಿದರು. ನನ್ನ ಸಂಗೀತ ಮತ್ತೆ ಮೊದಲಿನಿಂದ ಶುರುವಾಯಿತು. "ಹಗ್ಗ ಎಲ್ಲೋ?"

"ಇನ್ನೊಂದು ಕೈಲಿದೆ ಅಪ್ಪಾ."

"ಇನ್ನೊಂದು ಕೈ ತಲೆ ಮೇಲಿದೆಯಲ್ಲೋ."

"ಬೆವರು ಒರೆಸ್ಕೋತಿದ್ದೆ ಅನ್ಸುತ್ತೆ."

"ಬೆವರನ್ನ ಯಾರೂ ಹಿಂದಕ್ಕೆ ಬಾಚಿಕೊಳ್ಳಲ್ಲ," ಎಂದಳು ಅಕ್ಕ.

ಭಾವ ಎದ್ದು ಬಂದು ಅಕ್ಕನ ಕೈಯಿಂದ ರಿಮೋಟು ತೆಗೆದುಕೊಂಡರು. ಹಿಂದಿನ ಅಧ್ಯಾಯಕ್ಕೆ ಹೋಗಿ ಅದರ ಕೊನೆ ನೋಡಿದರು. ನನ್ನ ಎರಡೂ ಕೈಯಲ್ಲಿ ಹಗ್ಗ. ಮರುಗಳಿಗೆಯಲ್ಲೇ ಒಂದು ಕೈ ಗಾಳಿಯಲ್ಲಿ, ಒಂದು ತಲೆಯ ಮೇಲೆ. ಮತ್ತೊಮ್ಮೆ ನೋಡಿದರು. ಲಿಫ್ಟು ಎರಡು ಮಹಡಿಯ ನಡುವೆ ತಡವರಿಸಿದರೆ ಕಿವಿಗೊಡುತ್ತಾರಲ್ಲ, ಹಾಗೆ ತಲೆ ಓರೆ ಮಾಡಿ.

"ನಡುವೆ ಏನೋ ಹೋಗಿದೆ," ಎಂದರು. "ಎಲ್ಲಿದೆ ಅದು?"

ಸುಳ್ಳು ಹೇಳಲು ನನಗೆ ಎಂದೂ ಪುರುಸೊತ್ತು ಬೇಕಾದದ್ದಿಲ್ಲ. ಆ ಹೊತ್ತು ಮಾತ್ರ ನಾಲಿಗೆ ಮುಷ್ಕರ ಹೂಡಿತು. "ಅಂಗಡಿಯಲ್ಲಿದೆ," ಎಂದೆ.

"ನಡಿ ಹಾಗಾದ್ರೆ."

ಭಾವ ಗಾಡಿ ಹೊರಡಿಸಿದರು. ಸ್ಕೂಟರಿನ ಹಿಂದೆ ಕೂತು ನಾನು ಇಪ್ಪತ್ತು ಸಮರ್ಥನೆ ತಯಾರು ಮಾಡಿದೆ, ಒಂದಕ್ಕಿಂತ ಒಂದು ಭವ್ಯ. ಅಂಗಡಿಯ ಬಾಗಿಲೆತ್ತಿ, ಕಂಪ್ಯೂಟರು ಹಚ್ಚಿ, ಕತ್ತರಿ ಹಾಕದ ಕಡತ ತೆರೆದುಕೊಟ್ಟೆ. ಗಿರಾಕಿಯ ಸ್ಟೂಲಿನ ಮೇಲೆ ಕೂತು ಭಾವ ನೋಡಿದರು. ಬೈಗುಳಕ್ಕಾಗಿ ನಾನು ಕಿವಿ ತೆರೆದುಕೊಂಡು ನಿಂತಿದ್ದೆ. ಬರಲಿಲ್ಲ. ಮೂರು ಸಲ ನೋಡಿ, ನಾಲ್ಕನೇ ಸಲ ಬೀರಿನ ಮೇಲೆ ನಿಲ್ಲಿಸಲು ಹೇಳಿದರು.

"ಆ ಗಂಟು ನೋಡು," ಎಂದರು. ಬೀರಿಗೆ ಸುತ್ತಿದ ಹಗ್ಗದ ಮೇಲೆ ಬೆರಳಿಟ್ಟರು. "ಅದು ನಾನು ಹಾಕಿದ್ದು. ಸಡಿಲ ಆಗಿಲ್ಲ."

"ಇಲ್ಲ ಭಾವ."

"ಮೊದಲು ನನಗೆ ಖಾತ್ರಿ ಇತ್ತು. ಆಮೇಲೆ ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ ನೋಡು, ನನ್ನ ಅಂಗೈ ಜಾರಿದ್ದು ನನಗೇ ನೆನಪಾಗೋಕೆ ಶುರುವಾಯ್ತು. ಅಲ್ಲಿಂದ ಈಚೆಗೆ ಪ್ರತಿ ಬೋಲ್ಟನ್ನೂ ಎರಡೆರಡು ಸಲ ನೋಡ್ತೀನಿ. ಬೀಗ ಹಾಕಿ ಹೋದ ಕಟ್ಟಡಕ್ಕೆ ವಾಪಸು ಬಂದು ನೋಡಿದೀನಿ."

"ಅದು ಒಳ್ಳೇದೇ ಅಲ್ವಾ?"

"ಲಿಫ್ಟಿಗೆ ಒಳ್ಳೇದು," ಎಂದರು ಭಾವ. "ಮನುಷ್ಯನಿಗೆ ಸುಸ್ತು."

ನನ್ನ ಇಪ್ಪತ್ತು ಸಮರ್ಥನೆಗಳೂ ಹಿಂಬಾಗಿಲಿಂದ ಇಳಿದು ಹೋದವು. ಅಂಗಡಿಗೆ ಹಿಂಬಾಗಿಲೇ ಇಲ್ಲ, ಆದರೂ ಹೋದವು. "ತಪ್ಪಾಯ್ತು ಭಾವ," ಎಂದೆ. ಇಷ್ಟು ಗಿಡ್ಡ ವಾಕ್ಯವನ್ನು ನಾನು ಹಿಂದೆಂದೂ ಆಡಿದ್ದಿಲ್ಲ.

ಭಾವ ಮತ್ತೆ ಪರದೆಯ ಕಡೆ ತಿರುಗಿದರು. "ನಾನು ಎಷ್ಟು ಹೊತ್ತು ಹಿಡಿದಿದ್ದೆ? ಅಳೆಯೋಕಾಗುತ್ತಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಶುದ್ಧ ಕುತೂಹಲ. ನಾನು ಒಂದೊಂದೇ ಚಿತ್ರವಾಗಿ ಎಣಿಸಿದೆ. ನಾನು ಎಣಿಸಿದರೆ ದೇವರೂ ಮರು ಎಣಿಕೆ ಕೇಳುವುದಿಲ್ಲ.

"ಮೂವತ್ತೆಂಟು ಸೆಕೆಂಡು."

"ಅಷ್ಟೇನಾ? ನನಗೆ ಅರ್ಧ ಗಂಟೆ ಅನ್ನಿಸಿತ್ತು."

"ಅರ್ಧ ಗಂಟೆ ಅಂತಲೇ ಹೆಸರಿಡ್ತೀನಿ ಬಿಡಿ ಭಾವ, ಯಾರು ಗಡಿಯಾರ ಹಿಡ್ಕೊಂಡು ನೋಡ್ತಾರೆ?"

"ಮುಟ್ಟಬೇಡ," ಎಂದರು. "ಹೇಗಿದೆಯೋ ಹಾಗೇ ಹಾಕು. ನಾನಿಲ್ಲೇ ಕೂತಿರ್ತೀನಿ."

ಕೂತೇ ಇದ್ದರು. ಆರು ಸೆಕೆಂಡನ್ನು ಅದರ ಜಾಗಕ್ಕೆ ಸೇರಿಸಿದೆ. ಅಧ್ಯಾಯದ ಗುರುತನ್ನು ಅಕ್ಕ ಕರೆಯುವ ಮೊದಲಿನ ಪೂರ್ತಿ ಚಿತ್ರಕ್ಕೆ ಒಯ್ದು, ಸರಿಯಾಗಿ ಕೂತಿತೇ ಎಂದು ಎರಡು ಸಲ ನೋಡಿದೆ. ಡಿಸ್ಕು ಬರೆದು ಮುಗಿಯುವಷ್ಟು ಹೊತ್ತು ಇಬ್ಬರೂ ಯಂತ್ರದ ಪುಟ್ಟ ಹಸಿರು ದೀಪ ನೋಡುತ್ತ ಕೂತೆವು.

ವಾಪಸು ಬಂದಾಗ ಅಪ್ಪ ಅದೇ ಕುರ್ಚಿಯಲ್ಲಿದ್ದರು. ಕನ್ನಡಕ ತೆಗೆದಿರಲಿಲ್ಲ. ಅಕ್ಕ ಡಿಸ್ಕು ಹಾಕಿ ಮೂರನೇ ಕಿಟಕಿ ಒತ್ತಿದಳು. "ಏ ಹೀರೋ, ಈ ಕಡೆ ನೋಡೋ" ಎಂಬ ತನ್ನದೇ ದನಿ ಕೇಳಿ ಅವಳ ಕೈ ಬಾಯಿಗೆ ಹೋಯಿತು.

"ನಾನೇ ಕರೆದಿದ್ನಾ?" ಎಂದಳು. "ಆ ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲ ಗುಂಡಿಯಷ್ಟು ಕಾಣ್ತಿತ್ತು. ನನಗೆ ಅಪ್ಪ ಕೂಗಿದ್ದೊಂದೇ ನೆನಪು."

ಅಪ್ಪನ ಕಡೆ ತಿರುಗಿ ನಾನು ನಿಜವನ್ನು ನನ್ನ ಬಾಯಿಂದಲೇ ಹೇಳಲು ಶುರುಮಾಡಿದೆ. ಹೇಳುವವನು ನಾನಾದ್ದರಿಂದ ಅದು ಸುಮ್ಮನೆ ಬರಲಿಲ್ಲ. "ಹಗ್ಗ ಬಿಟ್ಟದ್ದು ನಾನೇ ಅಪ್ಪಾ. ಭಾವ ನೋಡಿ, ಬೆಟ್ಟ ಬಿದ್ದರೂ ಅಲ್ಲಾಡ್ತಿರ್ಲಿಲ್ಲ. ಆರು ಜನ ಎತ್ತೋ ಬೀರು, ಒಂಟಿ ಭುಜದಲ್ಲಿ ಎಂಟು ನಿಮಿಷ..."

"ಮೂವತ್ತೆಂಟು ಸೆಕೆಂಡು," ಎಂದರು ಭಾವ.

"ನೀನು ಸ್ವಲ್ಪ ಬಾಯಿ ಮುಚ್ಕೊಂಡಿರೋ," ಎಂದರು ಅಪ್ಪ.

ಮುಚ್ಚಿದೆ. ಅಪ್ಪ ಎದ್ದರು. ಕುಂಟುತ್ತ ಟಿವಿಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಾಗಿ, ಓರೆ ಚಿತ್ರದಲ್ಲಿ ತುಟಿ ಕಚ್ಚಿ ನಿಂತ ಹುಡುಗನನ್ನು ನೋಡಿದರು. ಅಕ್ಕ ಅಲ್ಲೇ ನಿಲ್ಲಿಸಿದಳು.

"ಆಗ ಇವರಿಗೆಷ್ಟು ವಯಸ್ಸು?"

"ಇಪ್ಪತ್ತೇಳು," ಎಂದಳು ಅಕ್ಕ.

ಅಪ್ಪ ಭಾವನ ಕಡೆ ತಿರುಗಿದರು. "ನೋವಾಗಿತ್ತಾ?"

"ಆಗಿತ್ತು ಮಾವ. ಒಂದು ತಿಂಗಳು ಕೈ ಎತ್ತೋಕಾಗಿರಲಿಲ್ಲ."

"ಹೇಳ್ಬಾರದಿತ್ತಾ?"

"ನಿಮ್ಮ ಕಾಲು ಅಷ್ಟು ದಪ್ಪ ಊದಿತ್ತು. ಅದರ ಮಧ್ಯೆ ಭುಜದ ಮಾತು ಯಾರು ಎತ್ತುತಾರೆ?"

"ಈಗ ನಾನೇ ಎತ್ತುತಿದೀನಲ್ಲ," ಎಂದರು ಅಪ್ಪ. "ಯಾವ ಭುಜ?"

ಭಾವ ಎಡಭುಜ ಮುಟ್ಟಿ ತೋರಿಸಿದರು. ಅಪ್ಪ ಕುಂಟುತ್ತ ಬಂದು ಅದರ ಮೇಲೆ ಕೈಯಿಟ್ಟರು. ಕಾಲಿನ ನೋವು ತಡೆಯಲಾರದೆ ಇಟ್ಟರೋ, ಬೇಕೆಂದೇ ಇಟ್ಟರೋ ನನಗೆ ತಿಳಿಯಲಿಲ್ಲ. ಅವರ ಪೂರ್ತಿ ಭಾರ ಆ ಭುಜದ ಮೇಲೆ ಬಿದ್ದಿತ್ತು. ಭಾವ ಅಲ್ಲಾಡದೆ ನಿಂತರು.

"ಕುರ್ಚಿವರೆಗೆ ನಡೀರಿ," ಎಂದರು ಅಪ್ಪ. ಇಬ್ಬರೂ ನಿಧಾನವಾಗಿ ನಡೆದರು.